ಫಿಲ್ಟರ್ ರಸಿಕರಿಗೊಂದು ಕೈಪಿಡಿ

ಕೋಡ್ ಓಡಿದರೆ ಸಾಕು ಎನ್ನುವವರಿಗೆ ಈ ಬರಹ ಬೇಡ. ಉತ್ತರ ಸರಿ ಬಂತೆಂದು ಲ್ಯಾಪ್‌ಟಾಪ್ ಮುಚ್ಚುವವರೂ ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಎದ್ದುಹೋಗುವವರೂ ಒಂದೇ ಪೈಕಿ. ಅರೇ ಏನು, ಆಬ್ಜೆಕ್ಟ್ ಏನು ಎಂಬುದನ್ನೂ ಇಲ್ಲಿ ಹೇಳಿಕೊಡುವುದಿಲ್ಲ.

ಹಳೆ ಪುಸ್ತಕದಂಗಡಿಯೊಂದರ ಪಟ್ಟಿ ಎದುರಿಗಿದೆ ಎನ್ನಿ. ಪ್ರತಿ ಪುಸ್ತಕಕ್ಕೂ ಭಾಷೆ, ಬೆಲೆ, ಇಸವಿ. ಗಿರಾಕಿಗೆ ಕನ್ನಡದ್ದೇ ಬೇಕು, 300 ರೂಪಾಯಿ ಒಳಗಿರಬೇಕು, 1980ಕ್ಕಿಂತ ಹಿಂದಿನದಾಗಿರಬೇಕು. ಜಾವಾಸ್ಕ್ರಿಪ್ಟ್ ಬಲ್ಲವರೆಲ್ಲ ಫಿಲ್ಟರ್ ಒಳಗೆ ಮೂರು ಷರತ್ತನ್ನು ಜೋಡಿ ಆಂಪರ್‌ಸೆಂಡ್ ಹಾಕಿ ಪೋಣಿಸುತ್ತಾರೆ. ಸರಿಯೇ. ಆದರೆ ಗಿರಾಕಿ ಬೆಲೆಯ ಖಾನೆಯನ್ನು ಖಾಲಿ ಬಿಟ್ಟರೆ? ಅಲ್ಲಿಂದ ಇಫ್, ಎಲ್ಸ್ ಇಫ್‌ಗಳ ಸಂತೆ. ಮೂರು ಖಾನೆಗೆ ಎಂಟು ಸಾಧ್ಯತೆ, ಐದಾದರೆ 32. ಇದನ್ನು ಬರೆದು ಹೆಮ್ಮೆಪಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಕಣ್ಣು ತೆರೆಸಿದ್ದು ಹಿರಿಯ ಸಹೋದ್ಯೋಗಿಯೊಬ್ಬರು. ಕೋಡ್ ರಿವ್ಯೂನಲ್ಲಿ ಅಂಥದೊಂದು ಇಫ್ ಸಾಲನ್ನು ಅವರು ಪೂರ್ತಿ ಅಳಿಸಿ, ಷರತ್ತುಗಳನ್ನೇ ಒಂದು ಅರೇಗೆ ಹಾಕಿದರು. ಪ್ರತಿ ಷರತ್ತೂ ಒಂದು ಪುಟ್ಟ ಫಂಕ್ಷನ್. ಪುಸ್ತಕ ಕೊಟ್ಟರೆ ಹೌದು ಅಥವಾ ಅಲ್ಲ ಎನ್ನುತ್ತದೆ, ಅಷ್ಟೆ. ಗಿರಾಕಿ ತುಂಬಿದ ಖಾನೆಗಳ ಷರತ್ತು ಮಾತ್ರ ಪಟ್ಟಿಗೆ. ಆಮೇಲೆ ಈ ಒಂದು ಸಾಲು:

ಪುಸ್ತಕಗಳು.ಫಿಲ್ಟರ್(ಪು => ಷರತ್ತುಗಳು.ಎವೆರಿ(ಷ => ಷ(ಪು)))

ಇದನ್ನು ನಿಧಾನವಾಗಿ ಓದಿ. ಗಿರಾಕಿ ಏನನ್ನೂ ಆರಿಸಲಿಲ್ಲ, ಷರತ್ತುಗಳ ಅರೇ ಖಾಲಿ ಎನ್ನಿ. ಖಾಲಿ ಅರೇ ಮೇಲೆ ಎವೆರಿ ಕರೆದರೆ ಟ್ರೂ ಬರುತ್ತದೆ. ಮುರಿಯಲು ಷರತ್ತೇ ಇಲ್ಲದಾಗ ಯಾವ ಪುಸ್ತಕ ಏನನ್ನು ಮುರಿದೀತು? ತರ್ಕಶಾಸ್ತ್ರದ ಈ ಹಳೆಯ ನಿಯಮದಿಂದ ಇಡೀ ಅಂಗಡಿ ತೆರೆಯ ಮೇಲೆ ಬಂದು ನಿಲ್ಲುತ್ತದೆ, ಅದಕ್ಕೆಂದು ಒಂದು ಇಫ್ ಕೂಡ ಬರೆಯದೆ. ಅವತ್ತು ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಸಮ್ ಎಂಬುದು ಎವೆರಿಗೆ ತದ್ವಿರುದ್ಧ. ಕನ್ನಡವಾದರೂ ಸರಿ, ತುಳುವಾದರೂ ಸರಿ ಎನ್ನುವವರಿಗೆ ಸಮ್ ಬೇಕು. ಖಾಲಿ ಅರೇಗೆ ಅದು ಫಾಲ್ಸ್ ಎನ್ನುತ್ತದೆ, ಏಕೆಂದರೆ ಒಪ್ಪುವ ಒಂದಾದರೂ ಅಲ್ಲಿಲ್ಲ. ಆದ್ದರಿಂದ ಯಾವ ಭಾಷೆಗೂ ಟಿಕ್ ಬೀಳದಿದ್ದರೆ ಭಾಷೆಯ ಷರತ್ತನ್ನು ಪಟ್ಟಿಗೆ ಸೇರಿಸಲೇಬಾರದು. ಸೇರಿಸಿದಿರೋ, ಅಂಗಡಿಯೇ ಖಾಲಿ. ಹೊರಗೆ ಎವೆರಿ, ಒಳಗೆ ಸಮ್: ಈ ಜೋಡಣೆಯನ್ನು ಗುರುತಿಸಿ ತಲೆದೂಗಬಲ್ಲವರೇ ರಸಿಕರು. ಯಾರದೇ ಫಿಲ್ಟರ್ ಕೈಗೆ ಸಿಕ್ಕರೂ ಮೊದಲು ಎಲ್ಲ ಟಿಕ್ ತೆಗೆದು ನೋಡಿ. ಬರೆದವರ ಯೋಗ್ಯತೆ ಅಲ್ಲೇ ತಿಳಿಯುತ್ತದೆ.

ಇದೇ ಕೆಲಸಕ್ಕೆ ಎಲ್ಲವನ್ನೂ ಒಂದೇ ರೆಡ್ಯೂಸ್‌ಗೆ ತುರುಕಿ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ಅದು ಬರೀ ಕಸರತ್ತು. ಫಿಲ್ಟರ್ ಹಿಂದೆ ಫಿಲ್ಟರ್ ಕಟ್ಟುವುದು ಓದಲು ಹಿತ, ಆದರೆ ಪ್ರತಿ ಸಲವೂ ಹೊಸ ಅರೇ ಹುಟ್ಟುತ್ತದೆ.

ಫಿಲ್ಟರ್, ಎವೆರಿ, ಸಮ್ ಮೂರೂ 2009ರ ಇಎಸ್5ರಲ್ಲಿ ಜಾವಾಸ್ಕ್ರಿಪ್ಟ್‌ನ ಅಧಿಕೃತ ಭಾಗವಾದವು. 2015ರಲ್ಲಿ ಆರೋ ಫಂಕ್ಷನ್ ಬಂದ ಮೇಲೆಯೇ ಸಹೋದ್ಯೋಗಿಯ ಆ ಒಂದು ಸಾಲಿಗೆ ಇಷ್ಟು ಚುರುಕು ಬಂದದ್ದು.

ಷರತ್ತುಗಳ ಕ್ರಮವನ್ನೂ ಗಮನಿಸಿ. ಮೊದಲ ಫಾಲ್ಸ್ ಸಿಕ್ಕೊಡನೆ ಎವೆರಿ ನಿಲ್ಲುತ್ತದೆ, ಹಾಗಾಗಿ ಅಗ್ಗದ ಪರೀಕ್ಷೆ ಮುಂದೆ, ದುಬಾರಿಯದು ಹಿಂದೆ. ಇನ್ನೊಂದು ಎಚ್ಚರ: ಫಿಲ್ಟರ್ ಕೊಡುವ ಅರೇ ಹೊಸದು, ಒಳಗಿನ ಆಬ್ಜೆಕ್ಟ್‌ಗಳು ಮಾತ್ರ ಹಳೆಯವೇ. ಸೋಸಿದ ಪಟ್ಟಿಯಲ್ಲಿ ಒಂದು ಪುಸ್ತಕದ ಬೆಲೆ ತಿದ್ದಿದರೆ ಮೂಲ ಪಟ್ಟಿಯಲ್ಲೂ ಬೆಲೆ ಬದಲಾಗಿರುತ್ತದೆ.