ದಂಡಿನಲ್ಲಿ ಕುಳಿತು ‘ಪಾರಸಿಕರು’ ಓದಿದಾಗ

ಬೆಂಗಳೂರಿನ ಕಂಟೋನ್ಮೆಂಟಿಗೆ ಕನ್ನಡದಲ್ಲಿ ‘ದಂಡು’ ಅಂತಲೇ ಹೆಸರು. ರೈಲು ನಿಲ್ದಾಣದ ಬೋರ್ಡಿನ ಮೇಲೂ ಅದೇ ಇದೆ. 1809ರಲ್ಲಿ ಹಲಸೂರಿನ ಬಯಲಿಗೆ ಬಂದು ಬೀಡುಬಿಟ್ಟ ಬ್ರಿಟಿಷರ ದಂಡು ಆಮೇಲೆ ಏಳಲೇ ಇಲ್ಲ, ಊರಾಗಿಬಿಟ್ಟಿತು. ಬಿ.ಎಂ.ಶ್ರೀ. ಅವರ ‘ಪಾರಸಿಕರು’ ನಾಟಕವನ್ನು ನಾನು ಎರಡನೇ ಸಲ ಓದಿದ್ದು ಹಲಸೂರು ಕೆರೆಯ ಪಕ್ಕದಲ್ಲಿ, ಮದ್ರಾಸ್ ಸ್ಯಾಪರ್‌ಗಳ ಕಾಂಪೌಂಡು ಕಾಣುವ ಕಲ್ಲುಬೆಂಚಿನ ಮೇಲೆ. ಮೊದಲ ಓದಿನಲ್ಲಿ ಗಮನಕ್ಕೇ ಬರದ ಒಂದು ಭಾಗ ಈ ಸಲ ಚುಚ್ಚಿತು.

1935ರಲ್ಲಿ ಬಂದ ಈ ಕೃತಿಯ ಮೂಲ ಈಸ್ಕಿಲಸ್ ಬರೆದದ್ದು, ಅಥೆನ್ಸಿನಲ್ಲಿ ಕ್ರಿ.ಪೂ. 472ರಲ್ಲಿ ಆಡಿದ್ದು. ಸಲಾಮಿಸ್ ಜಲಸಂಧಿಯಲ್ಲಿ ಪರ್ಷಿಯಾದ ನೌಕಾಪಡೆ ನುಚ್ಚುನೂರಾಗಿ ಆಗಿನ್ನೂ ಎಂಟೇ ವರ್ಷ. ನಾಟಕಕಾರ ಸ್ವತಃ ಮ್ಯಾರಥಾನ್‌ನಲ್ಲಿ ಕಾದಾಡಿದವನು; ಅವನ ಅಣ್ಣತಮ್ಮಂದಿರಲ್ಲೊಬ್ಬ ಅಲ್ಲೇ ಸತ್ತ. ಆದರೂ ಕಥೆ ನಡೆಯುವುದು ಸೋತವರ ರಾಜಧಾನಿ ಸೂಸಾದಲ್ಲಿ. ಗ್ರೀಕರ ಕಡೆಯ ಒಬ್ಬನೇ ಒಬ್ಬನ ಹೆಸರೂ ನಾಟಕದಲ್ಲಿ ಬರುವುದಿಲ್ಲ; ಪರ್ಷಿಯಾದ ಸರದಾರರ ಹೆಸರುಗಳು ಮಾತ್ರ ಸಾಲುಸಾಲಾಗಿ ಬಂದು, ಒಂದೊಂದಾಗಿ ಹೆಣಗಳಾಗುತ್ತವೆ. ಒಡೆದ ಹುಟ್ಟುಗಳಿಂದ, ಬಲೆಗೆ ಬಿದ್ದ ಮೀನನ್ನು ಬಡಿಯುವ ಹಾಗೆ, ನೀರಿಗೆ ಬಿದ್ದವರನ್ನು ಬಡಿದು ಕೊಂದದ್ದನ್ನು ದೂತ ಹೇಳುತ್ತಾನಲ್ಲ, ಆ ವರದಿಯ ಮುಂದೆ ಗೆದ್ದವರು ವೀರರಾಗಿ ಕಾಣುವುದಿಲ್ಲ, ಬೆಸ್ತರಾಗಿ ಕಾಣುತ್ತಾರೆ.

ಬಿ.ಎಂ.ಶ್ರೀ. ಇದನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. 1926ರಲ್ಲಿ ರನ್ನನ ಗದಾಯುದ್ಧವನ್ನು ಗ್ರೀಕ್ ದುರಂತದ ಅಚ್ಚಿಗೆ ಇಳಿಸಿದರು. 1929ರಲ್ಲಿ ಸಾಫೊಕ್ಲಿಸ್‌ನ ಅಯಾಸ್‌ನನ್ನು ಅಶ್ವತ್ಥಾಮನನ್ನಾಗಿ ಮಾಡಿದರು. ಎದುರಾಳಿಯ ಅಳಲಿಗೆ ಕಿವಿಗೊಡುವುದನ್ನು ಕನ್ನಡಕ್ಕೆ ಗ್ರೀಕರು ಬಂದು ಕಲಿಸಬೇಕಾಗಿರಲಿಲ್ಲ. ರನ್ನನ ದುರ್ಯೋಧನ ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆದು ಶರಶಯ್ಯೆಯ ಭೀಷ್ಮನ ಬಳಿ ಹೋಗುತ್ತಾನೆ. ಇಲ್ಲಿ ರಾಣಿ ಅಟೋಸಾ ಸತ್ತ ಗಂಡ ದಾರಿಯಸ್‌ನನ್ನೇ ಗೋರಿಯಿಂದ ಎಬ್ಬಿಸಿ ಬುದ್ಧಿಮಾತು ಕೇಳುತ್ತಾಳೆ. ಎರಡೂ ಕಡೆ ಹಿರಿಯರ ಮಾತು ತಡವಾಗಿಯೇ ಬರುವುದು. ಆದರೆ ‘ಅಶ್ವತ್ಥಾಮನ್’ನಲ್ಲಿ ಮಾಡಿದ ವೇಷಾಂತರ ಇಲ್ಲಿ ಸಾಧ್ಯವಿರಲಿಲ್ಲ. ಉಳಿದಿರುವ ಗ್ರೀಕ್ ದುರಂತ ನಾಟಕಗಳಲ್ಲಿ ನಡೆದ ಚರಿತ್ರೆಯನ್ನು ವಸ್ತುವಾಗಿಸಿಕೊಂಡದ್ದು ಇದೊಂದೇ. ಸೋತ ದೊರೆ ಕ್ಸರ್ಕ್ಸಿಸ್‌ಗೆ ಪುರಾಣದ ಅಂಗಿ ಹೊಂದುವುದಿಲ್ಲ. ಹಾಗಾಗಿ ಅಪರಿಚಿತ ಹೆಸರುಗಳ ಆ ಮೆರವಣಿಗೆ ಕನ್ನಡ ಕಿವಿಗೆ ಒಣಗಿದಂತೆ ಕೇಳುತ್ತದೆ. ಕರ್ಣ ಎಂದರೆ ಸಾಕು, ಎದೆ ತಾನಾಗಿ ಭಾರವಾಗುತ್ತದೆ. ಸರದಾರನ ಹೆಸರು ಕೇಳಿದರೆ ಅಡಿಟಿಪ್ಪಣಿ ಬೇಕೆನಿಸುತ್ತದೆ. ನಾಟಕವಾಗಿ ‘ಅಶ್ವತ್ಥಾಮನ್’ ಹೆಚ್ಚು ಗಟ್ಟಿ ಎಂದು ನಾನು ಒಪ್ಪುತ್ತೇನೆ. ವಿಚಾರಕ್ಕೆ ಮಾತ್ರ ‘ಪಾರಸಿಕರು’ವೇ ಬೇಕು.

ನನಗೆ ಚುಚ್ಚಿದ ಭಾಗ ಕೊನೆಗೆ ಹತ್ತಿರದಲ್ಲಿದೆ. ದಾರಿಯಸ್ ಆಳುತ್ತಿದ್ದ ದ್ವೀಪಗಳನ್ನು ಮೇಳದ ಮುದುಕರು ಎಣಿಸುತ್ತಾರೆ: ಲೆಸ್ಬಾಸ್, ಸಾಮಾಸ್, ಖಿಯೋಸ್, ಪಾರೋಸ್, ನಾಕ್ಸಾಸ್, ರೋಡ್ಸ್... ಸೂಸಾದಲ್ಲಿ ಇದು ಕಳೆದುಕೊಂಡದ್ದರ ಪಟ್ಟಿ. ಅಥೆನ್ಸಿನ ಪ್ರೇಕ್ಷಕನಿಗೆ? ಕ್ರಿ.ಪೂ. 478ರಲ್ಲಿ ಕಟ್ಟಿದ ಡೀಲಾಸ್ ಒಕ್ಕೂಟದಲ್ಲಿ ಈ ಸಣ್ಣ ಊರುಗಳೆಲ್ಲ ಅಥೆನ್ಸಿಗೆ ಹಡಗು ಕೊಡಬೇಕಿತ್ತು, ಇಲ್ಲವೇ ಬೆಳ್ಳಿ. ಪರ್ಷಿಯಾದಿಂದ ರಕ್ಷಣೆ ಬೇಕಲ್ಲ! ಬಿಟ್ಟುಹೋಗುತ್ತೇವೆ ಎಂದ ಮೊದಲ ಊರು ನಾಕ್ಸಾಸ್. ಅದನ್ನು ಮುತ್ತಿಗೆ ಹಾಕಿ ಬಗ್ಗಿಸಿದರು. ಈ ನಾಟಕದ ಖರ್ಚು ಹೊತ್ತವನು ಆಗಿನ್ನೂ ಎಳೆಯನಾಗಿದ್ದ ಪೆರಿಕ್ಲಿಸ್. 454ರಲ್ಲಿ ಒಕ್ಕೂಟದ ಖಜಾನೆಯೇ ಡೀಲಾಸಿನಿಂದ ಅಥೆನ್ಸಿಗೆ ಬಂತು. ಏಳು ವರ್ಷದ ಮೇಲೆ, ಅವನ ಆಡಳಿತದಲ್ಲೇ, ಪಾರ್ಥೆನಾನ್ ಏಳತೊಡಗಿತು. ಯಾರಿಗೂ ಆಳುಗಳಲ್ಲದವರು ಎಂದು ರಾಣಿಯ ಮುಂದೆ ಹೊಗಳಿಸಿಕೊಂಡವರು ಈ ಅಥೆನ್ಸಿನವರೇ.

ಇದು ನನಗೆ ಹೊಳೆದದ್ದು ಜಾಗದ ಪುಣ್ಯದಿಂದ. 1799ರ ಒಪ್ಪಂದದ ಪ್ರಕಾರ ಮೈಸೂರು, ತನ್ನ ‘ರಕ್ಷಣೆ’ಗೆಂದು ಇಟ್ಟ ಕಂಪನಿ ಸೈನ್ಯಕ್ಕೆ ವರ್ಷಕ್ಕೆ 7 ಲಕ್ಷ ವರಹ ತೆರಬೇಕಿತ್ತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡಿನ ಪ್ರದೇಶ ಬ್ರಿಟಿಷ್ ರೆಸಿಡೆಂಟನ ಕೈಯಲ್ಲೇ ಉಳಿಯಿತು. ತಿರುಗಿ ಬಂದದ್ದು 1947ರ ಜುಲೈನಲ್ಲಿ. ಬಿ.ಎಂ.ಶ್ರೀ. ಈ ನಾಟಕವನ್ನು ಕನ್ನಡಕ್ಕೆ ತಂದಾಗ ಮೈಸೂರೂ ಒಂದು ನಾಕ್ಸಾಸೇ. ಅವರಿಗೆ ಅದು ಹೊಳೆದಿತ್ತೋ ಇಲ್ಲವೋ, ಪುಸ್ತಕವಂತೂ ಗೆದ್ದವನ ಔದಾರ್ಯಕ್ಕೆ ಮನಸೋತಂತೆಯೇ ಓದಿಸಿಕೊಳ್ಳುತ್ತದೆ. ಶತ್ರುವಿಗಾಗಿ ಅಳುವುದು ಸುಲಭ, ಅವನು ದೂರದವನು. ಪಕ್ಕದಲ್ಲಿ ಕುಳಿತು ಕಪ್ಪ ಎಣಿಸುತ್ತಿರುವ ಮಿತ್ರನಿಗೆ ಈಸ್ಕಿಲಸ್ ಒಂದು ಸಾಲನ್ನೂ ಕೊಟ್ಟಿಲ್ಲ.

ಇಂದಿರಾನಗರದ ಕಡೆ ಯಾರಾದರೂ ಹುಡುಗರು ಇದನ್ನು ರಂಗಕ್ಕೆ ತರುವುದಾದರೆ ಒಂದು ಮಾತು. ಹರಿದ ಬಟ್ಟೆಯ ಕ್ಸರ್ಕ್ಸಿಸ್ ಮೇಲೆ ಬೆಳಕು ಚೆಲ್ಲಿದ್ದು ಸಾಕು. ದ್ವೀಪಗಳ ಆ ಪಟ್ಟಿಯನ್ನು ಮೇಳದಿಂದ ಕಿತ್ತು, ಪ್ರೇಕ್ಷಕರ ಸಾಲಿನಲ್ಲಿ ಕುಳಿತ ಯಾರಿಂದಲಾದರೂ ಹೇಳಿಸಿ, ನಿಧಾನವಾಗಿ, ರಸೀತಿ ಓದುವ ದನಿಯಲ್ಲಿ.