ಅಚ್ಚಿನ ಅಕ್ಷರ ಮತ್ತು ಔಚಿತ್ಯ

ಪದವನ್ನು ಓದುವುದಕ್ಕೆ ಮೊದಲೇ ಅದರ ಅಕ್ಷರರೂಪ ಓದುಗನಿಗೆ ಏನನ್ನೋ ಹೇಳಿಬಿಟ್ಟಿರುತ್ತದೆ. ಮದುವೆಯ ಕರೆಯೋಲೆಯನ್ನೂ ವೈಕುಂಠ ಸಮಾರಾಧನೆಯ ಪತ್ರವನ್ನೂ ದೂರದಿಂದಲೇ ಬೇರೆಬೇರೆಯಾಗಿ ಗುರುತಿಸುವವರು ಮೊದಲು ನೋಡುವುದು ಒಕ್ಕಣೆಯನ್ನಲ್ಲ. ಬಣ್ಣವನ್ನು, ಅಕ್ಷರದ ಮೈಕಟ್ಟನ್ನು. ನಮ್ಮ ಸಾಹಿತ್ಯವಿಮರ್ಶೆ ಛಂದಸ್ಸು, ಶೈಲಿ, ಧ್ವನಿಗಳನ್ನು ಕುರಿತು ವಿಪುಲವಾಗಿ ಚರ್ಚಿಸಿದೆ. ಪಠ್ಯವು ಯಾವ ಅಕ್ಷರದ ಉಡುಗೆಯಲ್ಲಿ ಎದುರಾಗುತ್ತದೆ ಎಂಬುದನ್ನು ಮಾತ್ರ ಅಚ್ಚುಕೂಟದವರ ಪಾಲಿಗೆ ಬಿಟ್ಟುಕೊಟ್ಟಿದೆ. ದಿನನಿತ್ಯದ ಓದಿನ ಬಹುಪಾಲು ಫಲಕ, ಪೊಟ್ಟಣ, ಆಮಂತ್ರಣ, ಮೊಬೈಲ್ ತೆರೆಗಳ ಮೇಲೆ ನಡೆಯುತ್ತಿರುವಾಗ ಈ ಉದಾಸೀನ ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಹಸ್ತಪ್ರತಿಗಳೊಡನೆ ಒಡನಾಡಿದವರಿಗೆ ಇದು ಹೊಸ ಮಾತಲ್ಲ. ಕನ್ನಡ ಲಿಪಿ ದುಂಡಗಾದುದಕ್ಕೆ ತಾಳೆಗರಿಯೇ ಕಾರಣ, ಎಳೆಯ ಗುಂಟ ನೇರಗೆರೆ ಎಳೆದರೆ ಗರಿ ಸೀಳಿಹೋಗುತ್ತದೆ ಎಂಬ ವಿವರಣೆ ಪ್ರಚಾರದಲ್ಲಿದೆ. ಅದನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಹೊಯ್ಸಳರ ಶಾಸನಗಳಲ್ಲಿ ಗರಿಯ ಅಂಜಿಕೆಯಿಲ್ಲದ ಕಲ್ಲಿನ ಮೇಲೆಯೇ ದುಂಡುತನ ಅಲಂಕಾರವಾಗಿ ಅರಳಿದೆ. ರಾಜದತ್ತಿಯ ಶಾಸನವು ಕೇವಲ ಒಕ್ಕಣೆಯಿಂದ ಗಂಭೀರವಾಗಲಿಲ್ಲ, ರೂವಾರಿಯ ಉಳಿಯಿಂದಲೂ ಆಯಿತು. 1843ರಲ್ಲಿ ಮಂಗಳೂರಿನಲ್ಲಿ ಹೊರಟ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಅಂದರೆ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಓದಿದವರು ಇನ್ನೂ ಒಬ್ಬ ಬರಹಗಾರನ ಕೈಯನ್ನೇ ಓದುತ್ತಿದ್ದರು. ಎರಕದ ಮೊಳೆಗಳು ಬಂದ ಮೇಲೆ ಆ ಕೈ ಮರೆಯಾಯಿತು. ಕೈಯ ಗುಣ ಮೊಳೆಗೆ ಬಂದು ಸೇರಿತು.

ಇಲ್ಲಿ ಮನೋಭಾವದ ಪ್ರಶ್ನೆಗಿಂತ ಮೊದಲು ಅರ್ಥದ ಪ್ರಶ್ನೆಯನ್ನೇ ಎತ್ತಬೇಕು. ಕನ್ನಡದಲ್ಲಿ ಅರ್ಥಭೇದವು ಎಷ್ಟೋ ಕಡೆ ಒಂದು ಚುಕ್ಕೆಯ, ಒಂದು ಸೀಳಿನ ಮೇಲೆ ನಿಂತಿದೆ. ‘ದನ’ಕ್ಕೂ ‘ಧನ’ಕ್ಕೂ, ‘ಅದರ’ಕ್ಕೂ ‘ಅಧರ’ಕ್ಕೂ ನಡುವೆ ಇರುವುದು ಶಾಲೆಯಲ್ಲಿ ನಾವೆಲ್ಲ ‘ಹೊಟ್ಟೆ ಸೀಳು’ ಎಂದು ಕಲಿತ ಒಂದು ಗೀಟು ಮಾತ್ರ. ಅಕ್ಷರವನ್ನು ದಪ್ಪಗೊಳಿಸುತ್ತ ಹೋದಂತೆ ಆ ಗೀಟು ಮೈಯೊಳಗೆ ಕರಗುತ್ತದೆ. ರೋಮನ್ ಅಕ್ಷರವನ್ನು ದಪ್ಪಗೊಳಿಸಿದ ಕ್ರಮವನ್ನೇ ಕನ್ನಡಕ್ಕೂ ಅನ್ವಯಿಸುವ ವಿನ್ಯಾಸಕಾರ ಇಲ್ಲಿ ಎಡವುತ್ತಾನೆ. ಕೆಲವು ವರ್ಷಗಳ ಹಿಂದೆ ಮಠಪರಂಪರೆ ಹಾಗೂ ವಚನಗಳ ಸಂಕಲನಕಾರ್ಯವನ್ನು ಕುರಿತ ಒಂದು ವಿಚಾರಸಂಕಿರಣಕ್ಕೆ ನಾವು ಆಮಂತ್ರಣ ಮುದ್ರಿಸಿದೆವು. ಕಡುಗೆಂಪು ನೆಲದ ಮೇಲೆ ಬಿಳಿಯ ಅಕ್ಷರ, ನೋಟಕ್ಕೆ ಸೊಗಸು. ಶಾಯಿ ಹರಡಿ ‘ಠ’ಕಾರದ ಒಳಗಿನ ಚುಕ್ಕೆ ಮುಚ್ಚಿಹೋಯಿತು. ‘ಮಠಗಳು’ ಎಂಬುದು ‘ಮರಗಳು’ ಎಂದಾಗಿ, ಸಸ್ಯಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರು ತಮ್ಮನ್ನೇಕೆ ಕರೆಯಲಿಲ್ಲವೆಂದು ನಗುತ್ತ ಕೇಳಿದರು. ಕರಡಚ್ಚನ್ನು ಮೂರು ಸಲ ತಿದ್ದಿದ್ದೆವು. ತಪ್ಪು ಕರಡಿನಲ್ಲಿರಲಿಲ್ಲ, ಆಯ್ದ ಅಕ್ಷರದ ತೂಕದಲ್ಲಿತ್ತು. ಲಿಪಿಕಾರದೋಷಗಳನ್ನು ಪಟ್ಟಿಮಾಡುತ್ತ ಆಯುಷ್ಯ ಕಳೆದ ನಮಗೆ ಇದಕ್ಕಿಂತ ಹಿತವಾದ ಶಿಕ್ಷೆ ದೊರೆಯುವಂತಿರಲಿಲ್ಲ.

ಹೈದರಾಬಾದಿನ ಕನ್ನಡಿಗರಿಗೆ ಪರಿಚಿತವಾದ ಇನ್ನೊಂದು ಸಂಗತಿಯಿದೆ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಬಸಿರಿನಿಂದ ಬಂದವು. ಇಂದಿಗೂ ಅವುಗಳ ನಡುವಿನ ಎದ್ದು ಕಾಣುವ ಗಡಿಗೆರೆ ತಲೆಕಟ್ಟು. ತೆಲುಗಿನದು ಸರಿಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಕನ್ನಡದ್ದು ಅಡ್ಡಲಾಗಿ ಸಾಗಿ ಬಲತುದಿಯಲ್ಲಿ ಕೊಂಕುತ್ತದೆ. ತೆಲುಗು ಬಲ್ಲ ಫಲಕ ಬರೆಯುವವನು ಕನ್ನಡ ಬರೆದಾಗ ಆ ಚಿಮ್ಮು ಅರಿವಿಲ್ಲದೆ ನುಸುಳುತ್ತದೆ. ಕಾಗುಣಿತವೆಲ್ಲ ಸರಿಯಿದ್ದರೂ ಅಕ್ಷರಕ್ಕೆ ನೆರೆಮನೆಯ ಉಚ್ಚಾರಣೆ ಬಂದಿರುತ್ತದೆ. ಇದನ್ನು ದೋಷವೆನ್ನಲು ನಮಗೆ ಮನಸ್ಸಿಲ್ಲ. ಹೊರನಾಡ ಕನ್ನಡಿಗರ ಮಾತಿನಲ್ಲಿ ಇರುವ ಸೊಗಡೇ ಅವರ ಫಲಕಗಳಲ್ಲಿಯೂ ಇದೆ.

ಈ ನಂಟನ್ನು ತಿಳಿದೇ ಬಳಸಿದ ಉದಾಹರಣೆಯೊಂದು ಮುಂಬಯಿಯಿಂದ ಬಂದಿದೆ. ಅಲ್ಲಿನ ಏಕ್ ಟೈಪ್ ಸಂಸ್ಥೆ ಹಲವು ಭಾರತೀಯ ಲಿಪಿಗಳಿಗೆ ರೂಪಿಸಿದ ‘ಬಾಲೂ’ ಅಕ್ಷರಕುಟುಂಬದಲ್ಲಿ ಕನ್ನಡದ್ದು ‘ಬಾಲೂ ತಮ್ಮ’, ತೆಲುಗಿನದು ‘ಬಾಲೂ ತಮ್ಮುಡು’, ತಮಿಳಿನದು ‘ಬಾಲೂ ತಂಬಿ’. ಮೈದುಂಬಿದ, ಮೂಲೆಗಳೆಲ್ಲ ನಯವಾದ ಅಕ್ಷರಗಳಿವು. ಮಕ್ಕಳ ಪುಸ್ತಕದ ಹೊದಿಕೆಗೆ, ಚಕ್ಕುಲಿಯ ಪೊಟ್ಟಣಕ್ಕೆ ಒಪ್ಪುತ್ತವೆ. ಹೆಸರೇ ಸೂಚಿಸುವಂತೆ ಓದುಗನ ಹೆಗಲ ಮೇಲೆ ಕೈಹಾಕಿ ಮಾತಾಡಿಸುತ್ತವೆ. ಅದೇ ಸಲಿಗೆಯಲ್ಲಿ ಶ್ರದ್ಧಾಂಜಲಿಯ ಒಕ್ಕಣೆಯನ್ನು ಜೋಡಿಸಿದರೆ ಅಸಹ್ಯವಾಗುತ್ತದೆ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ‘ಔಚಿತ್ಯವಿಚಾರಚರ್ಚಾ’ದಲ್ಲಿ ಪ್ರತಿಪಾದಿಸಿದ ತತ್ತ್ವ ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ಗುಣವಾಗಲಿ ಅಲಂಕಾರವಾಗಲಿ ತನ್ನ ಸ್ಥಾನದಲ್ಲಿದ್ದಾಗಲೇ ಗುಣ, ಅಲಂಕಾರ. ಅಕ್ಷರರೂಪಗಳನ್ನು ಸುಂದರ, ಕುರೂಪ ಎಂದು ವಿಂಗಡಿಸುವ ವಿಮರ್ಶೆ ಅದಕ್ಕಾಗಿಯೇ ಬಹುದೂರ ಸಾಗುವುದಿಲ್ಲ.

ಸದ್ಯದ ತೊಡಕು ಅನೌಚಿತ್ಯಕ್ಕಿಂತ ಏಕರೂಪತೆಯದು. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ‘ಬರಹ’, ‘ನುಡಿ’ ತಂತ್ರಾಂಶಗಳು ಮನೆಮನೆಗೆ ಕನ್ನಡದ ಅಚ್ಚುಕೂಟವನ್ನು ತಂದವು. ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲಿ ‘ತುಂಗಾ’ ಗಣಕಯಂತ್ರಕ್ಕೆ ಬಂದಿತು. ಆಮೇಲೆ ಗೂಗಲ್‌ನ ‘ನೋಟೊ’. ಇವುಗಳ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಕನ್ನಡದ ಜಾಗದಲ್ಲಿ ಖಾಲಿ ಚೌಕಗಳನ್ನು ಕಂಡ ದಿನಗಳು ನಮಗೆ ನೆನಪಿವೆ. ಆದರೆ ಯಂತ್ರ ತಾನಾಗಿ ಕೊಟ್ಟ ಅಕ್ಷರವನ್ನು ಬದಲಿಸುವ ಗೋಜಿಗೆ ಹೆಚ್ಚಿನವರು ಹೋಗದಿರುವುದರಿಂದ ಕಚೇರಿಯ ನೋಟೀಸು, ಭಾವಗೀತೆ, ನಾಮಕರಣದ ಆಹ್ವಾನ, ಮರಣವಾರ್ತೆ ಎಲ್ಲವೂ ಒಂದೇ ದನಿಯಲ್ಲಿ ಮಾತಾಡತೊಡಗಿವೆ. ಗೆರೆ ಎಲ್ಲೆಡೆ ಒಂದೇ ದಪ್ಪವಾಗಿರುವ ‘ನೋಟೊ ಸ್ಯಾನ್ಸ್’ ರೂಪದಲ್ಲಿ ಲೇಖನಿಯ ಏರಿಳಿತವೂ ಉಳಿದಿಲ್ಲ. ಸೂಚನಾಫಲಕಕ್ಕೆ ಅದು ಗುಣ. ಷಟ್ಪದಿಯ ಪುಟಕ್ಕೆ ಬಡತನ.

ಹೊರನಾಡಿನಲ್ಲಿ ಈ ಬಡತನದ ಪರಿಣಾಮ ಹೆಚ್ಚು. ಧಾರವಾಡದ ಮಗು ಶಾಲೆಗೆ ಹೋಗುವ ಹಾದಿಯಲ್ಲೇ ಕೈಬರಹದ ಫಲಕ, ಬಸ್ಸಿನ ಬೋರ್ಡು, ಸಿನಿಮಾ ಭಿತ್ತಿಪತ್ರಗಳಲ್ಲಿ ಒಂದೇ ‘ಕ’ಕಾರದ ಹತ್ತು ಅವತಾರಗಳನ್ನು ಕಾಣುತ್ತದೆ. ದೆಹಲಿಯಲ್ಲಿ ಬೆಳೆದ ನಮ್ಮ ವಿದ್ಯಾರ್ಥಿಗಳಿಗೆ ಕನ್ನಡವೆಂದರೆ ಮೊಬೈಲ್ ತೆರೆಯ ಒಂದೇ ರೂಪ. ಕಳೆದ ಚಳಿಗಾಲದಲ್ಲಿ ತರಗತಿಗೆ ಹಳೆಯ ಮೊಳೆಯಲ್ಲಿ ಅಚ್ಚಾದ ಕಾವ್ಯಸಂಪುಟವೊಂದನ್ನೂ ಅಜ್ಜಿಯೊಬ್ಬರ ಕೈಬರಹದ ಹಾಡಿನ ಪುಸ್ತಕವನ್ನೂ ಒಯ್ದಿದ್ದೆವು. ಸರಾಗವಾಗಿ ಓದಬಲ್ಲ ಹುಡುಗಿಯೊಬ್ಬಳು ಹಾಡಿನ ಪುಸ್ತಕದ ಮೊದಲ ಸಾಲಿನಲ್ಲೇ ತಡೆದಳು. ಇದು ತೆಲುಗೇ ಎಂದು ಕೇಳಿದಳು. ಬಳಿಕ ತಲೆಕಟ್ಟಿನ ಕೊಂಕನ್ನು ಬೆರಳಿನಿಂದ ತೋರಿಸಿದಾಗ ಆ ಸಾಲನ್ನು ಓದಿದಳು, ಮುಂದಿನದನ್ನೂ ಓದಿದಳು. ಪುಸ್ತಕವನ್ನು ಎರಡು ದಿನ ಇಟ್ಟುಕೊಳ್ಳಬಹುದೇ ಎಂದು ಕೇಳಿ ಒಯ್ದಳು.