ಕ್ಲಚ್ ಬಿಡದ ಬೈಕಿಗೆ ದಪ್ಪ ಆಯಿಲ್ ಮದ್ದಲ್ಲ

ಮಳೆ ಹಿಡಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಒಂದೇ ದೂರು ಹೇಳುತ್ತವೆ. ಲಿವರ್ ಪೂರ್ತಿ ಹಿಡಿದರೂ ಬೈಕ್ ಮುಂದಕ್ಕೆ ಜಗ್ಗುತ್ತದೆ, ನಿಂತಲ್ಲಿ ನ್ಯೂಟ್ರಲ್ ಸಿಗುವುದಿಲ್ಲ, ಬೆಳಿಗ್ಗೆ ಮೊದಲ ಗೇರ್ ಹಾಕಿದರೆ ಧಡ್ ಎಂದು ನೆಗೆದು ಆಫ್ ಆಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಕೆಸರು ಏರುವಾಗ ಕ್ಲಚ್ ಅರ್ಧ ಬಿಟ್ಟೇ ಓಡಿಸಬೇಕು, ಬೇರೆ ದಾರಿಯಿಲ್ಲ. ಬೇಸಿಗೆಯಲ್ಲಿ ಹೇಗೋ ನಡೆದುಹೋಗುತ್ತಿದ್ದ ದೋಷ ಆಗ ಮುಖಕ್ಕೆ ಹೊಡೆಯುತ್ತದೆ. ಈ ವಾರ ಚೈನ್ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಅದು ಕಾಯಲಿ. ಜಗ್ಗುವ ಕ್ಲಚ್, ಸದ್ದು ಮಾಡುವ ಕ್ಲಚ್, ಎರಡನ್ನೂ ಮುಗಿಸಿಬಿಡೋಣ.

ಕೇಬಲ್ ನೋಡಿ ಎಂದು ಈ ಅಂಕಣದ ಓದುಗರಿಗೆ ಹೇಳಬೇಕಾಗಿಲ್ಲ. ಲಿವರ್ ತುದಿಯಲ್ಲಿ ಕೈಪಿಡಿ ಹೇಳುವಷ್ಟು ಆಟ, ನಮ್ಮ ಹೆಚ್ಚಿನ ಬೈಕುಗಳಲ್ಲಿ 10ರಿಂದ 20 ಮಿಲಿಮೀಟರ್, ಇರಲಿ. ಹೈಡ್ರಾಲಿಕ್ ಆದರೆ ಗಾಳಿ ತೆಗೆಯಿರಿ. ಅದರ ದ್ರವ ಮಾತ್ರ ಮುಚ್ಚಳದ ಮೇಲೆ ಬರೆದದ್ದೇ ಆಗಿರಬೇಕು. ಮಿನರಲ್ ಆಯಿಲ್ ಬೇಡುವ ಕಡೆ ಬ್ರೇಕ್ ಫ್ಲೂಯಿಡ್ ಹಾಕಿದರೆ ಸೀಲುಗಳು ಊದಿ ಹಾಳಾಗುತ್ತವೆ. ಇಷ್ಟಾದ ಮೇಲೂ ಜಗ್ಗಿದರೆ ದೋಷ ಒಳಗಿದೆ.

ಒಳಗೆ ಏನಾಗುತ್ತಿದೆ ಎಂಬುದಕ್ಕೆ ಸಣ್ಣದೊಂದು ಲೆಕ್ಕ ಸಾಕು. 6 ಫ್ರಿಕ್ಷನ್ ಪ್ಲೇಟ್, ನಡುವೆ 5 ಸ್ಟೀಲ್ ಪ್ಲೇಟ್ ಇರುವ ಕ್ಲಚ್ ತೆಗೆದುಕೊಳ್ಳಿ. ಒಂದಕ್ಕೊಂದು ತಾಗುವ ಮೈ ಒಟ್ಟು 12. ಲಿವರ್ ಹಿಡಿದಾಗ ಪ್ರೆಷರ್ ಪ್ಲೇಟ್ 1.2 ಮಿಲಿಮೀಟರ್ ಏಳುತ್ತದೆ ಎಂದುಕೊಂಡರೆ ಒಂದೊಂದು ಮೈಗೂ ಸಿಗುವ ಬಿಡುವು ಮಿಲಿಮೀಟರಿನ ಹತ್ತನೇ ಒಂದು ಭಾಗ. ಬಿಸಿಗೆ ನೀಲಿಗಟ್ಟಿ ಸೊಟ್ಟಗಾದ ಒಂದೇ ಒಂದು ಸ್ಟೀಲ್ ಪ್ಲೇಟ್ ಅಕ್ಕಪಕ್ಕದವರ ಬಿಡುವನ್ನೆಲ್ಲ ನುಂಗಿಬಿಡುತ್ತದೆ. ಅದಕ್ಕೇ ದಪ್ಪ ಗಾಜಿನ ಮೇಲೆ ಪ್ಲೇಟ್ ಮಲಗಿಸಿ ಅಡಿಗೆ ಫೀಲರ್ ಗೇಜ್ ತೂರಿಸಿ ನೋಡುವುದು.

ಇಲ್ಲಿಯವರೆಗೆ ಎಲ್ಲ ಮೆಕ್ಯಾನಿಕ್‌ಗಳೂ ಒಪ್ಪುತ್ತಾರೆ. ಹೊಸ ಪ್ಲೇಟ್ ಸೆಟ್ ತರಿಸುತ್ತಾರೆ, ಹಾಕುತ್ತಾರೆ, ಒಂದೆರಡು ವಾರ ಗಾಡಿ ಚೆನ್ನಾಗಿರುತ್ತದೆ, ಮತ್ತೆ ಜಗ್ಗತೊಡಗುತ್ತದೆ. ಪ್ಲೇಟುಗಳು ಕೂರುವ ಬಾಸ್ಕೆಟ್ ಅನ್ನು ಯಾರೂ ನೋಡಿರುವುದಿಲ್ಲ. ನನ್ನ ಹಳೆಯ ಹಟ ಇದೇ: ಕ್ಲಚ್ ಬಿಚ್ಚಿದವನು ಪ್ಲೇಟಿಗಿಂತ ಮೊದಲು ಬಾಸ್ಕೆಟ್ಟಿನ ಬೆರಳುಗಳನ್ನು ಮುಟ್ಟಿ ನೋಡಬೇಕು. ಅದು ಅಲ್ಯೂಮಿನಿಯಂ. ಎಂಜಿನ್ನಿನ ಒಂದೊಂದು ಬಡಿತಕ್ಕೂ ಫ್ರಿಕ್ಷನ್ ಪ್ಲೇಟಿನ ಕಿವಿಗಳು ಆ ಬೆರಳುಗಳನ್ನು ಗುದ್ದುತ್ತಿರುತ್ತವೆ. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಕೊರೆದ ಗೀರಿನಂತೆ ಅಲ್ಲಿ ಒಂದರ ಕೆಳಗೊಂದು ಗುಳಿ ಬೀಳುತ್ತದೆ. ಲಿವರ್ ಹಿಡಿದಾಗ ಪ್ಲೇಟುಗಳು ಅಕ್ಕಪಕ್ಕಕ್ಕೆ ಜಾರಿ ಬಿಡಿಸಿಕೊಳ್ಳಬೇಕಲ್ಲ, ಕಿವಿಗಳು ಈ ಗುಳಿಗಳಲ್ಲಿ ಸಿಕ್ಕಿಕೊಂಡು ಜಾರುವುದೇ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಯೂ ಉಗುರಿಗೆ ಸಿಗುತ್ತದೆ. ಬೆರಳಿನ ಉದ್ದಕ್ಕೂ ಉಗುರು ಎಳೆದರೆ ಟಕ್ ಟಕ್ ಎಂದು ತಡೆಯುವ ಜಾಗವೇ ನಿಮ್ಮ ರೋಗ. ಸ್ಟೀಲ್ ಪ್ಲೇಟುಗಳು ಸರಿಯುವ ಒಳಗಿನ ಹಬ್ಬಿನ ಹಲ್ಲುಗಳನ್ನೂ ಹೀಗೇ ಪರೀಕ್ಷಿಸಿ.

ಗುಳಿ ತೆಳುವಾಗಿದ್ದರೆ ನಯವಾದ ಚಪ್ಪಟೆ ಅರ ಸಾಕು. ಅರವನ್ನು ಬೆರಳಿನ ಮೈಗೆ ಪೂರ್ತಿ ಒರಗಿಸಿ, ಓರೆಯಾಗದಂತೆ, ಎಲ್ಲ ಬೆರಳುಗಳಿಗೂ ಸಮನಾಗಿ ಉಜ್ಜಬೇಕು. ಒಂದು ಬೆರಳನ್ನು ಹೆಚ್ಚು ತಿಂದರೆ ಭಾರವೆಲ್ಲ ಉಳಿದವುಗಳ ಮೇಲೆ ಬೀಳುತ್ತದೆ. ಗುಳಿಯ ತಳದವರೆಗೂ ಹೋಗಬೇಕೆಂದಿಲ್ಲ, ಅಂಚು ಮಾಯವಾಗಿ ಕಿವಿ ಸಲೀಸಾಗಿ ಜಾರಿದರೆ ಆಯಿತು. ಅರ್ಧ ಮಿಲಿಮೀಟರಿಗಿಂತ ಆಳವಾಗಿದ್ದರೆ ಅರ ಕೆಳಗಿಡಿ, ಬಾಸ್ಕೆಟ್ ಬದಲಿಸಿ. ಬಾಸ್ಕೆಟ್ ಅನ್ನು ಎಂಜಿನ್ನಿಂದ ಹೊರತೆಗೆದೇ ಉಜ್ಜಿ. ಹಬ್ ನಟ್ ಬಿಚ್ಚಲು ಹೋಲ್ಡರ್ ಬೇಕು, ಟಾರ್ಕ್ ರೆಂಚ್ ಬೇಕು, ಹೊಸ ಲಾಕ್ ವಾಷರ್ ಬೇಕು, ನಿಜ. ಆದರೆ ಅಲ್ಲೇ ಇಟ್ಟು ಉಜ್ಜಿದರೆ ಅಲ್ಯೂಮಿನಿಯಂ ಪುಡಿ ಕೇಸಿಗೆ ಬಿದ್ದು ಆಯಿಲ್ ಪಂಪಿನ ಕಡೆಗೆ ಹೋಗುತ್ತದೆ. ತಿರುಗಿ ಕೂಡಿಸುವಾಗ ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಆಯಿಲಿನಲ್ಲಿ ನೆನೆಸಿ, ಸ್ಟೀಲ್ ಪ್ಲೇಟುಗಳ ಚೂಪು ಅಂಚುಗಳೆಲ್ಲ ಒಂದೇ ಕಡೆಗಿರಲಿ, ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಈಗ ದಪ್ಪ ಆಯಿಲ್ ಪಂಥದ ವಿಚಾರ. ನಮ್ಮ ಊರೂರಿನಲ್ಲೂ ಇದ್ದಾರೆ. ಸದ್ದು ಬಂದರೆ 20ಡಬ್ಲ್ಯು-50, ಬಿಸಿಯಾದರೆ 20ಡಬ್ಲ್ಯು-50, ಕ್ಲಚ್ ಜಗ್ಗಿದರೂ ಅದೇ. ಎಂಜಿನ್ ಸದ್ದು ಮೆತ್ತಗಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಹತ್ತನೇ ಒಂದು ಮಿಲಿಮೀಟರ್ ಸಂದಿಯಲ್ಲಿ ದಪ್ಪ ಆಯಿಲ್ ನಿಂತರೆ, ಅದರಲ್ಲೂ ಮಲೆನಾಡಿನ ಚಳಿಯ ಬೆಳಿಗ್ಗೆ, ಪ್ಲೇಟುಗಳು ಬಿಡಿಸಿಕೊಳ್ಳುವುದೆಲ್ಲಿಂದ? ಆಯಿಲ್ ತಾನೇ ಒಂದು ಪ್ಲೇಟಿನ ಸುತ್ತನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಜಗ್ಗುವ ಕ್ಲಚ್ಚಿಗೆ ಅದು ಮದ್ದಲ್ಲ, ರೋಗವೇ. ಕೈಪಿಡಿ 10ಡಬ್ಲ್ಯು-30 ಎಂದರೆ ಅದನ್ನೇ ಹಾಕಿ, ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಇದೆಯೇ ನೋಡಿ. ಒದ್ದೆ ಕ್ಲಚ್ ಇರುವ ಬೈಕುಗಳಿಗಾಗಿಯೇ ಜಪಾನಿನವರು ಆ ಮಾನದಂಡವನ್ನು 1998ರಲ್ಲಿ ತಂದರು. ಘರ್ಷಣೆ ಕಡಿಮೆ ಮಾಡುವ ಕಾರಿನ ಆಯಿಲ್ ಹಾಕಿದರೆ ಇದಕ್ಕೆ ತದ್ವಿರುದ್ಧ ದೋಷ ಬರುತ್ತದೆ: ಹಿಡಿಯಬೇಕಾದಾಗ ಕ್ಲಚ್ ಜಾರುತ್ತದೆ.

ಈ ಪಂಥ ಹುಟ್ಟಿದ ಬಗೆ ಮಾತ್ರ ನನಗೆ ಗೌರವ ತರಿಸುವಂಥದ್ದು. ಹಳೆಯ ಬೀಡುಕಬ್ಬಿಣದ ಬುಲೆಟ್ಟಿನಲ್ಲಿ ಎಂಜಿನ್ನಿಗೊಂದು ಆಯಿಲ್, ಗೇರ್‌ಬಾಕ್ಸಿಗೊಂದು, ಕ್ಲಚ್ ಇರುವ ಪ್ರೈಮರಿ ಚೈನ್‌ಕೇಸಿಗೆ ಬೇರೊಂದು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳಲ್ಲಿ ಎಂಜಿನ್ನಿನ ಆಯಿಲ್ ಪೆಟ್ರೋಲಿನಲ್ಲೇ ಬೆರೆತು ಉರಿದುಹೋಗುತ್ತಿತ್ತು, ಕ್ಲಚ್ಚಿನ ಪಾಡು ಕ್ಲಚ್ಚಿಗೆ. ಬುಲೆಟ್ ಎಂಜಿನ್ನಿಗೆ ದಪ್ಪ ಆಯಿಲ್ ಎಂದು ಕಲಿತ ಹಿರಿಯ ಮೇಸ್ತ್ರಿಗಳು ತಪ್ಪು ಕಲಿಯಲಿಲ್ಲ. ಆ ಆಯಿಲ್ ಕ್ಲಚ್ ಪ್ಲೇಟನ್ನು ಮುಟ್ಟುತ್ತಲೇ ಇರಲಿಲ್ಲ. ಬೆಳಿಗ್ಗೆ ಬುಲೆಟ್ಟಿನ ಲಿವರ್ ಹಿಡಿದು ಸ್ಟಾರ್ಟ್ ಮಾಡದೆಯೇ ಕಿಕ್ಕರ್ ತುಳಿದು, ಅಂಟಿಕೊಂಡ ಪ್ಲೇಟುಗಳನ್ನು ಬಿಡಿಸುವುದು ಅವರೇ ಕಲಿಸಿದ ವಿದ್ಯೆ. ಕಿಕ್ಕರ್ ತಿರುಗಿದರೂ ಎಂಜಿನ್ ತಿರುಗದಿದ್ದರೆ ಪ್ಲೇಟ್ ಬಿಟ್ಟಿತು ಎಂದರ್ಥ. ಜಾವಾದಲ್ಲಿ ಇನ್ನೂ ಸೊಗಸು: ಗೇರ್ ಲಿವರ್ ಒತ್ತಿದರೆ ಅದೇ ಒಳಗೆ ಕ್ಲಚ್ಚನ್ನೂ ಎತ್ತುವ ಏರ್ಪಾಡಿತ್ತು, ಎಡಗೈ ಮುಟ್ಟದೆ ಗೇರ್ ಬದಲಿಸಬಹುದಿತ್ತು. ಇಂಥ ಯಂತ್ರಗಳಲ್ಲಿ ಪಳಗಿದವರಿಗೆ ಕ್ಲಚ್ ಗೊತ್ತಿಲ್ಲ ಎನ್ನಲಾಗದು. ಬದಲಾದದ್ದು ಎಂಜಿನ್. ಇವತ್ತಿನ ಟ್ರೇಲ್ ಬೈಕಿನಲ್ಲಿ ಪಿಸ್ಟನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಅವರ ಶಿಷ್ಯರು ಡಬ್ಬಿಯನ್ನಷ್ಟೇ ಉಳಿಸಿಕೊಂಡು ಕಾರಣವನ್ನು ಬಿಟ್ಟುಬಿಟ್ಟಿದ್ದಾರೆ.

ಇಷ್ಟೆಲ್ಲ ಹೇಳಿದರೂ ಅನೇಕರ ಕೆಲಸ ನಿಲ್ಲುವುದು ಬಾಸ್ಕೆಟ್ ತಲುಪುವ ಮೊದಲೇ, ಕ್ಲಚ್ ಕವರಿನ ಸ್ಕ್ರೂ ಹತ್ತಿರ. ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್' ನಾನು ಮತ್ತೆ ಮತ್ತೆ ಬಿಡಿಸುವ ಪುಸ್ತಕ. ಅದರಲ್ಲಿ ಸೈಡ್ ಕವರಿನ ಸ್ಕ್ರೂ ಒಂದು ಬಿಗಿದು, ಸೀಳು ಕಿತ್ತುಹೋಗಿ, ಎಲ್ಲ ಕೆಲಸ ನಿಂತುಹೋಗುವ ಪ್ರಸಂಗವಿದೆ. ಆವರೆಗೆ ಲೆಕ್ಕಕ್ಕೇ ಇಲ್ಲದಿದ್ದ ಸ್ಕ್ರೂ ಆ ಕ್ಷಣದಿಂದ ಇಡೀ ಬೈಕಿನಷ್ಟು ಬೆಲೆಬಾಳುತ್ತದೆ, ಏಕೆಂದರೆ ಅದು ಬರುವವರೆಗೆ ಬೈಕಿಗೆ ಬೆಲೆಯೇ ಇಲ್ಲ ಎಂಬುದು ಅವನ ವಾದ. ಗೊತ್ತಿದ್ದ ಉಪಾಯಗಳೆಲ್ಲ ಮುಗಿದು ತಲೆ ಖಾಲಿಯಾದ ಆ ಸ್ಥಿತಿಯಿಂದಲೇ ನಿಜವಾದ ಅರಿವು ಶುರುವಾಗುತ್ತದೆ ಎನ್ನುತ್ತಾನೆ. 1968ರಲ್ಲಿ ಮಗನನ್ನು ಹಿಂದೆ ಕೂರಿಸಿಕೊಂಡು ಅವನು ಓಡಿಸಿದ ಹೋಂಡಾ ಸೂಪರ್‌ಹಾಕ್ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಅವನ ತತ್ತ್ವಕ್ಕೆ ನನ್ನದೊಂದು ಸೇರಿಕೆ: ಜಪಾನಿ ಬೈಕುಗಳ ಪ್ಲಸ್ ಸ್ಕ್ರೂಗಳು ಜೆಐಎಸ್ ಅಳತೆಯವು, ನಮ್ಮ ಅಂಗಡಿಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅವುಗಳಲ್ಲಿ ತಳ ಮುಟ್ಟಿ ಕೂರುವುದಿಲ್ಲ, ಜಾರಿ ತಲೆ ಕೀಳುತ್ತದೆ. ಸರಿಯಾದ ಬಿಟ್, ಒಂದು ಇಂಪ್ಯಾಕ್ಟ್ ಡ್ರೈವರ್, ಎರಡು ಸುತ್ತಿಗೆ ಪೆಟ್ಟು. ಬಿಚ್ಚಿದ ಮೇಲೆ ಅಲೆನ್ ಬೋಲ್ಟ್ ಹಾಕಿಬಿಡಿ.

ಸದ್ದಿಗೆ ಉಳಿದದ್ದು ಸ್ವಲ್ಪವೇ ಜಾಗ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲಿ. ಲಿವರ್ ಹಿಡಿದೊಡನೆ ಗಲಗಲ ನಿಂತರೆ ಬಾಸ್ಕೆಟ್ಟು, ಅದರ ಬುಷ್ ಇಲ್ಲವೇ ಬೇರಿಂಗು, ಅಥವಾ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗು. ಹಿಡಿದಾಗಲೇ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗ್ ಕಡೆ ನೋಡಿ. ನಿಧಾನ ಓಟದಲ್ಲಿ ಪ್ಲೇಟಿನ ಕಿವಿಗಳ ಹಗುರ ಗಲಗಲ ಸಹಜ, ಅದಕ್ಕಾಗಿ ಎಂಜಿನ್ ಬಿಚ್ಚಬೇಡಿ. ಬಾಸ್ಕೆಟ್ ಕೈಗೆ ಬಂದಾಗ ಅದರ ಬೆನ್ನಿನ ದೊಡ್ಡ ಗೇರನ್ನು ಒಂದು ಕೈಯಲ್ಲಿ, ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು ತಿರುಚಿ. ಡ್ಯಾಂಪರ್ ಸ್ಪ್ರಿಂಗುಗಳು ಲೊಡಲೊಡ ಅಲ್ಲಾಡಿದರೆ, ರಿವೆಟ್ ಸಡಿಲಾಗಿ ಗೇರ್ ಅಲುಗಿದರೆ, ಬೆರಳುಗಳು ಎಷ್ಟೇ ನುಣುಪಾಗಿದ್ದರೂ ಆ ಬಾಸ್ಕೆಟ್ಟನ್ನು ಮತ್ತೆ ಎಂಜಿನ್ನಿಗೆ ಹಾಕಬೇಡಿ. ಕಿತ್ತುಹೋದ ರಿವೆಟ್ ಕೇಸನ್ನೇ ಒಡೆಯಬಲ್ಲದು.